ತಿಪ್ಪಕ್ಕನಿಗೆ ಹೊರಟ ಮಜ್ಜಿಗೆ

ಆಶ್ರಮದಲ್ಲಿ ಆ ಬೆಳಗ್ಗೆ ಒಲೆ ಹೊತ್ತಲಿಲ್ಲ. ಹದಿನೇಳು ವರ್ಷಗಳಲ್ಲಿ ಇಂಥ ಅನಾಹುತ ನಡೆದಿರಲಿಲ್ಲ.

ಕಾರಣ, ಶಿಷ್ಯ ಮರಿಸ್ವಾಮಿ ಬಾಗಿಲ ಹಲಗೆಯ ಮೇಲೆ ಬರೆದ ಸುದ್ದಿ: "ಅಡುಗೆಯ ತಿಪ್ಪಕ್ಕ ಎರಡು ಹಸು, ಮೂರು ಎಮ್ಮೆ, ನಾಲ್ಕು ಕರುಗಳೊಂದಿಗೆ ಸುಖವಾಗಿ ಹೊಳೆ ದಾಟಿ ಬಂದವು."

"ಬಂದವಂತೆ! ನನ್ನನ್ನೂ ಕೊಟ್ಟಿಗೆಗೆ ಸೇರಿಸಿದೆಯೇನೋ, ಪಂಡಿತ?" ತಿಪ್ಪಕ್ಕ ಸೌಟು ಎಸೆದು ಹೊಳೆದಂಡೆಗೆ ಹೋಗಿ ಕೂತಳು.

ಆರು ವರ್ಷದಿಂದ ಆ ಹಲಗೆಯೇ ಮರಿಸ್ವಾಮಿಯ ಹೆಮ್ಮೆ. ಅವನು ಸೀಮೆಸುಣ್ಣವನ್ನು ಗುರುಗಳ ಮುಂದಿಟ್ಟ.

"ನನಗೆ ಯೋಗ್ಯತೆಯಿಲ್ಲ. ಭಕ್ತರು ಕೊಟ್ಟ ಕಂಪ್ಯೂಟರಿನಲ್ಲಿ ಬರೆಯುವ ಯಂತ್ರವಿದೆಯಲ್ಲ, ಅದೇ ಬರೆಯಲಿ."

"ಬರೆಸಿ ನೋಡು."

ಬರೆಸಿದ. ಕುಣಿಯುತ್ತ ಬಂದ.

"ಗುರುಗಳೇ, ಅದೂ 'ಬಂದವು' ಅಂತಲೇ ಬರೆಯಿತು! ತಪ್ಪು ಎಂದೆ. ಕ್ಷಮೆ ಕೇಳಿ, ರೆಪ್ಪೆ ಮಿಟುಕುವಷ್ಟರಲ್ಲಿ ತಿದ್ದಿಕೊಂಡಿತು."

"ಯಾರಲ್ಲಿ ಕ್ಷಮೆ ಕೇಳಿತು?"

"ನನ್ನಲ್ಲಿ."

"ನಿನ್ನೆ ಹೊಳೆ ದಾಟಿದ್ದು ನೀನೋ?"



ಗುರುಗಳು ಒಂದು ಲೋಟ ಮಜ್ಜಿಗೆ ತುಂಬಿ ಕೊಟ್ಟರು. "ತಿಪ್ಪಕ್ಕನಿಗೆ ಕೊಟ್ಟು ಬಾ."

ದಾರಿಯಲ್ಲಿ ಹೂದೋಟದವನು ಬಾಯಾರಿದೆ ಎಂದ. ಕೆಮ್ಮುತ್ತಿದ್ದ ಭಕ್ತರೊಬ್ಬರು ಒಂದು ಗುಟುಕು ಎಂದರು. ಬಟ್ಟೆ ಒಗೆಯುವವನು ಕೇಳಲೂ ಇಲ್ಲ, ಕೈ ಚಾಚಿದ.

ಮರಿಸ್ವಾಮಿ ಖಾಲಿ ಲೋಟದೊಂದಿಗೆ ಮರಳಿದ.

"ಯಾರಿಗೆಂದು ಹೊರಟೆ?"

"ತಿಪ್ಪಕ್ಕನಿಗೆ."

"ಯಾರಿಗೆ ಮುಟ್ಟಿತು?"

"ಹತ್ತಿರ ಸಿಕ್ಕವರಿಗೆ." ಹೇಳುತ್ತಲೇ ಅವನ ಕಣ್ಣು ಹಲಗೆಯತ್ತ ಹೋಯಿತು: ತಿಪ್ಪಕ್ಕನಿಗೆ ಸೇರಬೇಕಾದ 'ಬಂದಳು', ಹತ್ತಿರದ ಕರುಗಳಿಗೆ ಸಿಕ್ಕಿ 'ಬಂದವು' ಆಗಿತ್ತು.

ಗುರುಗಳು ಮತ್ತೊಂದು ಲೋಟ ತುಂಬಿದರು.

ಈ ಸಲ ಅವನು ಲೋಟವನ್ನು ಎದೆಗವಚಿಕೊಂಡು, "ತಿಪ್ಪಕ್ಕ, ತಿಪ್ಪಕ್ಕ" ಎಂದು ಗೊಣಗುತ್ತ ನಡೆದ. ಹೂದೋಟದವನು ಇವನಿಗೆ ಗಾಳಿ ಸೋಕಿದೆ ಎಂದುಕೊಂಡ.

"ಅಕ್ಕಾ, ತಪ್ಪಾಯಿತು. ಆ ಬರೆಯುವ ಯಂತ್ರವೂ ಹಾಗೇ ತಪ್ಪಿತು. ಬಂದದ್ದು ನೀನು. ಅವು ನಿನ್ನ ಹಿಂದೆ ಬಂದವು."

"ಮತ್ತೆ? ಆ ಕರುಗಳ ಕಿವಿ ಹಿಡಿದು ದಾಟಿಸಿದವರು ಯಾರು, ನಿನ್ನ ಯಂತ್ರವಾ?" ತಿಪ್ಪಕ್ಕ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಮುಗಿಸಿದಳು. "ಉಪ್ಪೇ ಇಲ್ಲ. ನಾನಿಲ್ಲದಿದ್ದರೆ ನಿಮ್ಮ ಗತಿ ಇಷ್ಟೇ."

ಸೆರಗು ಸಿಕ್ಕಿಸಿ ಎದ್ದು ಅಡುಗೆಮನೆಗೆ ನಡೆದಳು.

ಮರಿಸ್ವಾಮಿ ಹಲಗೆ ಒರೆಸಿ ಗುರುಗಳ ಬಳಿ ನಿಂತ. "ಸೀಮೆಸುಣ್ಣ ಇನ್ನು ಯಾರಿಗೆ?"

ಗುರುಗಳು ಅದನ್ನು ಅವನ ಕೈಗಿಟ್ಟು, ಅಡುಗೆಮನೆಯತ್ತ ಮೂಗು ಅರಳಿಸಿದರು.

"ಬರೆ. ಸಾರು ಆಗಿದೆ."