ಕಡಲನ್ನು ಎದುರುಗೊಂಡ ರಾಜ

ಕೇಳಿ ಮಕ್ಕಳೇ, ಮಿಸುಕಾಡಬೇಡಿ. ಕಡಲ ಪಕ್ಕದ ಒಂದಾನೊಂದು ರಾಜ್ಯದಲ್ಲಿ ಉದ್ದಂಡರಾಯ ಅಂತ ಒಬ್ಬ ರಾಜನಿದ್ದ. ಅವನಿಗೆ ಒಂದೇ ಹುಚ್ಚು, ತನ್ನ ವಿಗ್ರಹ ಕೆತ್ತಿಸುವುದು. ಸಂತೆಯಲ್ಲೊಂದು, ಬಾವಿಕಟ್ಟೆಯಲ್ಲೊಂದು, ಎಮ್ಮೆ ಮೈತೊಳೆಯುವ ಕೆರೆಯಲ್ಲೂ ಒಂದು. ಎಮ್ಮೆಗಳು ಅದಕ್ಕೆ ಬೆನ್ನು ಉಜ್ಜಿಕೊಂಡು ಸುಖಪಡುತ್ತಿದ್ದವು.

ಅಷ್ಟು ಕಲ್ಲು ಎಲ್ಲಿಂದ ಬಂತು? ದಡದಿಂದ ತುಸು ದೂರ, ನೀರಿನೊಳಗೆ ಹಿರಿಯರು ಒಟ್ಟಿದ್ದ ಒರಟು ಬಂಡೆಗಳ ಸಾಲಿತ್ತು. "ಸುಮ್ಮನೆ ನೆನೆಯುತ್ತಾ ಬಿದ್ದಿವೆ" ಅಂತ ರಾಜ ಅವನ್ನೆಲ್ಲ ಎತ್ತಿಸಿಬಿಟ್ಟ.

ಮಳೆಗಾಲ ಬಂತು. ಅಲೆಯನ್ನು ತಡೆಯುವವರೇ ಇಲ್ಲ! ಮೊದಲ ಸಲ ಅದು ಮೀನು ಒಣಗಿಸುವ ಜಾಗವನ್ನು ನುಂಗಿತು. ರಾಜ ದಡದಲ್ಲಿ ನುಣ್ಣನೆಯ ಗೋಡೆ ಕಟ್ಟಿಸಿ, ಅದರ ಮೇಲೆ ತನ್ನ ಚಿತ್ರ ಬರೆಸಿದ. ಅಲೆ ಗೋಡೆಗೆ ಗುದ್ದಿತು, ಅಷ್ಟೇ ಜೋರಾಗಿ ಹಿಂದಕ್ಕೆ ಚಿಮ್ಮಿತು, ಹೋಗುವಾಗ ಬುಡದ ಮರಳನ್ನು ಬಾಚಿಕೊಂಡು ಹೋಯಿತು. ಗೋಡೆ ಮೀಸೆ ಸಮೇತ ಮಕಾಡೆ ಮಲಗಿತು.

ಎರಡನೆಯ ಸಲ ತೆಂಗಿನ ಮರಗಳು ಹೋದವು. ರಾಜ ಡಂಗುರದವನನ್ನು ಕಳಿಸಿ, "ಎಲೈ ಸಮುದ್ರವೇ, ಹಿಂದೆ ಸರಿ!" ಅಂತ ಸಾರಿಸಿದ. ಸಮುದ್ರ ಹಿಂದೆ ಸರಿಯಿತು, ಡಂಗುರವನ್ನೂ ಎತ್ತಿಕೊಂಡು.

ಮೂರನೆಯ ಸಲ ಅಲೆ ದುಗ್ಗಿಯ ಒಲೆಗೇ ನುಗ್ಗಿತು. ದುಗ್ಗಿ ಅಂದರೆ ಮೀನು ಮಾರುವವಳು, ಮನೆ ಚಿಕ್ಕದು, ಬಾಯಿ ದೊಡ್ಡದು. ಮಂತ್ರಿ ಬಂದು, "ಮನೆ ಬಿಟ್ಟು ಹೋಗು" ಅಂದ. ಅವಳಿಗೆ ಬೇರೆ ಮನೆ ಎಲ್ಲಿದೆ ಪಾಪ? ಬಂಡೆ ವಾಪಸ್ ಹಾಕಿ ಅಂದರೆ ರಾಜ ಕೇಳುವವನಲ್ಲ. ಅವಳು ಬುಟ್ಟಿ ಹೊತ್ತುಕೊಂಡು ನೇರ ಆಸ್ಥಾನಕ್ಕೆ ನಡೆದಳು. ಮಂತ್ರಿ ಮೂಗು ಮುಚ್ಚಿಕೊಂಡ.

"ಒಡೆಯಾ, ದೊಡ್ಡವರು ಬಂದರೆ ನಾವು ಬಡವರೂ ಅಂಗಳ ದಾಟಿ ಹೋಗಿ ಎದುರುಗೊಳ್ಳುತ್ತೇವೆ. ಸಮುದ್ರರಾಜ ಮೂರು ಸಲ ಬಂದ. ನೀವು ಮುಖಕ್ಕೇ ಗೋಡೆ ಹಾಕಿದಿರಿ, ಬೈದಿರಿ. ಸಿಟ್ಟು ಬರದೆ ಇರುತ್ತದೆಯೇ?"

"ಹೌದಲ್ಲ! ನಾನೇ ಹೋಗಬೇಕೇ?" ರಾಜ ಕಾಲುಗಳನ್ನು ಸಿಂಹಾಸನದ ಮೇಲಕ್ಕೆ ಎಳೆದುಕೊಂಡ.

"ಬೇಡ ಒಡೆಯಾ, ನೆಗಡಿಯಾಗುತ್ತದೆ. ನಿಮ್ಮ ವಿಗ್ರಹಗಳಿವೆಯಲ್ಲ, ಕಳಿಸಿ. ಎಲ್ಲವನ್ನೂ ಕಳಿಸಿ. ಹಳೆಯ ಬಂಡೆಗಳಿದ್ದ ಜಾಗಕ್ಕೇ."

ಮಳೆ ಬಿಡುವು ಕೊಟ್ಟಾಗ ದೋಣಿಗಳಲ್ಲಿ ರಾಜರು ಹೊರಟರು. ಒಬ್ಬನ ಮೇಲೊಬ್ಬ, ಅಡ್ಡಡ್ಡ, ತಲೆಕೆಳಗಾಗಿ, ಸಾಲಾಗಿ ಬಿದ್ದರು. ಅಲೆ ಆರ್ಭಟಿಸುತ್ತಾ ಬಂತು. ಒಬ್ಬ ರಾಜನ ಮೂಗಿಗೆ ತಾಗಿತು, ಇನ್ನೊಬ್ಬನ ಕಂಕುಳಲ್ಲಿ ನುಸುಳಿತು, ಸಂದುಗೊಂದುಗಳಲ್ಲಿ ಸುತ್ತಿ ಸುತ್ತಿ ಸುಸ್ತಾಯಿತು. ದುಗ್ಗಿಯ ಬಾಗಿಲಿಗೆ ಬಂದದ್ದು ಬರೀ ನೊರೆ.

ಮಳೆಗಾಲ ಮುಗಿದ ಮೇಲೆ ರಾಜ ದುಗ್ಗಿಯನ್ನೂ ಕರೆದುಕೊಂಡು ದೋಣಿಯಲ್ಲಿ ನೋಡಲು ಹೋದ. ಅವನ ಕಿರೀಟಗಳ ಮೇಲೆಲ್ಲ ಕಡಲಕಾಗೆಗಳು ಹಿಕ್ಕೆ ಹಾಕಿದ್ದವು! "ಮೋಸ! ಎಲ್ಲ ಮೇಲೆತ್ತಿ!" ಅಂತ ಕಿರುಚಿದ.

"ಎತ್ತಿಸಿ ಒಡೆಯಾ" ಅಂದಳು ದುಗ್ಗಿ. "ಮುಂದಿನ ಮಳೆಗೆ ಸಮುದ್ರರಾಜ ಬಂದಾಗ ಎದುರುಗೊಳ್ಳಲು ನೀವೇ ನಿಲ್ಲಿ."

ರಾಜ ದೋಣಿಯನ್ನು ದಡಕ್ಕೆ ತಿರುಗಿಸಿದ. ವಿಗ್ರಹಗಳು ಅಲ್ಲೇ ಉಳಿದವು. ಸಂತೆಯಲ್ಲಿದ್ದಾಗ ಅವಕ್ಕೆ ಯಾರೂ ಕೈಮುಗಿದಿರಲಿಲ್ಲ. ಈಗ ದೋಣಿಯವರೆಲ್ಲ ಮುಗಿಯುತ್ತಾರೆ.

ತಿಳಿಯಿತೇ ಮಕ್ಕಳೇ? ದೊಡ್ಡವರು ಅನ್ನಿಸಿಕೊಳ್ಳಬೇಕಾದರೆ ಮುಂದೆ ನಿಂತು ಏಟು ತಿನ್ನಬೇಕು. ಹಿಂದೆ ನಿಂತು ಹಾರ ಹಾಕಿಸಿಕೊಳ್ಳುವವರಿಂದ ಎಮ್ಮೆಗಷ್ಟೇ ಉಪಯೋಗ.