ಪೇಟದೊಳಗಿನ ಬುದ್ಧಿ

"ನೂರ ಎಂಬತ್ತೆರಡು!" ತುಂಬರಗಿಯ ರಾಜ ವೀರಮಲ್ಲ ನಾಯಕ ಸಿಂಹಾಸನದಿಂದ ಅರ್ಧ ಎದ್ದು ಕೂಗಿದ. "ಕೇಳಿದಿರೇನ್ರೋ? ನನ್ನ ಬುದ್ಧಿ ನೂರ ಎಂಬತ್ತೆರಡು ಅಂಶ! ಪಕ್ಕದ ಕಣಿವೆಕೋಟೆ ರಾಜನದು ಬರೀ ತೊಂಬತ್ತೊಂದು. ಸರಿಯಾಗಿ ನನ್ನ ಅರ್ಧ!"

ಸಭೆ "ಭಲೇ, ಭಲೇ" ಎಂದಿತು. ಎನ್ನದೆ ಏನು ಮಾಡೀತು?

ಈ ಅಂಕಿಯನ್ನು ಹೊತ್ತು ತಂದವನು ಮೇಧಾನಿಧಿ ಪಂಡಿತ. ಅವನ ಕೈಯಲ್ಲೊಂದು ತಾಳೆಗರಿಯ ಪಟ್ಟಿ. ಅದರಲ್ಲಿ ಇಪ್ಪತ್ತು ದೇಶದ ರಾಜರ ಹೆಸರು, ಒಂದೊಂದು ಹೆಸರಿನ ಮುಂದೂ ಬುದ್ಧಿಯ ಅಂಶ. ಕಾಶಿಯಿಂದಾಚೆ ಇರುವ ಯಾವುದೋ ವಿದ್ಯಾಪೀಠದ ಲೆಕ್ಕವಂತೆ. ಆ ಪೀಠವನ್ನು ಕಂಡವರು ಯಾರೂ ಇಲ್ಲ. ಪಟ್ಟಿ ಮಾತ್ರ ಊರೂರು ಸುತ್ತುತ್ತಿತ್ತು, ಹೋದ ಊರಲ್ಲೆಲ್ಲ ಆ ಊರಿನ ರಾಜನೇ ಮೊದಲಿಗನಾಗುತ್ತಿದ್ದ.

ಪಂಡಿತನ ಅಳತೆಯೂ ಸಲೀಸು. ರಾಜರ ಬರಿದಲೆ ಮುಟ್ಟುವ ಹಾಗಿಲ್ಲವಲ್ಲ, ಪೇಟದ ಸುತ್ತಲೇ ಒಂದು ರೇಷ್ಮೆ ದಾರ ಹಿಡಿದು, ಕಣ್ಣು ಮುಚ್ಚಿ, ಬೆರಳೆಣಿಸಿ, ಅಂಕಿ ಹೇಳಿಬಿಡುವುದು.

ಆ ಪೇಟ ಸುತ್ತಿದವನು ಬೊಮ್ಮಣ್ಣ. ಅರಮನೆಯಲ್ಲಿ ಪೇಟ ಸುತ್ತುವುದು ಅವನ ಕೆಲಸ. ಬಾಯಿ ಚುರುಕಾದ್ದರಿಂದ ಸಭೆಯಲ್ಲೂ ಒಂದು ಮೂಲೆ ಸಿಕ್ಕಿತ್ತು. 'ಇವನು ಅಳೆದದ್ದು ನಾನು ಸುತ್ತಿದ ಇಪ್ಪತ್ತು ಮೊಳ ಬಟ್ಟೆಯನ್ನ' ಎಂದುಕೊಂಡು ಅವನು ಬಾಯಿಗೆ ವಲ್ಲಿ ಅಡ್ಡ ಹಿಡಿದು ನಕ್ಕ.

ಅಷ್ಟರಲ್ಲಿ ಮುದುಕ ದಿವಾನ ಶಾಮಣ್ಣಯ್ಯನವರು ಎದ್ದರು. "ಪಂಡಿತರೇ, ಆ ಪೀಠ ಎಲ್ಲಿದೆ? ಅಳೆದವರ ಹೆಸರೇನು?"

ಪಂಡಿತ ಸೀದಾ ಹೋಗಿ ದಿವಾನರ ಸವೆದ ಸಣ್ಣ ಪೇಟದ ಸುತ್ತ ದಾರ ಹಿಡಿದ. "ಮೂವತ್ತೆಂಟು! ಪ್ರಶ್ನೆ ಕೇಳೋ ಕಾಯಿಲೆ ಇಂಥವರಿಗೇ ಬರೋದು, ಮಹಾಸ್ವಾಮಿ."

"ಮೂವತ್ತೆಂಟೇ?" ರಾಜ ಹೌಹಾರಿದ. "ಇಷ್ಟು ವರ್ಷ ಇಂಥವರ ಕೈಲಿ ರಾಜ್ಯ ಕೊಟ್ಟಿದ್ದೆನೇ? ದಿವಾನರೇ, ನಾಳೆ ಬೆಳಿಗ್ಗೆ ಮುದ್ರೆಯುಂಗುರ ಪಂಡಿತರಿಗೆ ಒಪ್ಪಿಸಿ ಊರು ಬಿಡಿ."

ಬೊಮ್ಮಣ್ಣನ ನಗು ಅಲ್ಲೇ ಬತ್ತಿತು. ಅವನಿಗೆ ಈ ಕೆಲಸ ಕೊಡಿಸಿದವರು ದಿವಾನರು. ರಾಜನ ಎದುರು ನಿಂತು 'ಬೇಡ' ಎನ್ನುವ ಗಂಡಸು ತುಂಬರಗಿಯಲ್ಲಿ ಅವರೊಬ್ಬರೇ. ಅವರನ್ನು ಒಂದು ದಾರದ ತುಂಡು ಊರಾಚೆ ಎಳೆದು ಹಾಕುವುದೇ?

ಮರುದಿನ ದಿವಾನರು ಬೆರಳಿಂದ ಉಂಗುರ ಕಳಚುತ್ತಿದ್ದಾಗ ಬೊಮ್ಮಣ್ಣ ಮುಂದೆ ಬಂದ. "ಪ್ರಭು, ಒಂದು ಸಣ್ಣ ಆಸೆ. ಕಣಿವೆಕೋಟೆಯವನಿಗಿಂತ ನೀವು ಜಾಣರು ಅನ್ನೋದು ದನ ಕಾಯೋರಿಗೂ ಗೊತ್ತು. ನಿಮ್ಮ ವಂಶದ ಹಿರೀಕರಿಗಿಂತಲೂ ಜಾಣರು ಅಂತ ಸಭೆಗೆ ತೋರಿಸಬೇಡವೆ?"

ರಾಜನ ಮುಖ ಅರಳಿತು. "ಸತ್ತವರನ್ನ ಅಳೆಯೋದು ಹೇಗೋ?"

"ಪೇಟದ ಕೋಣೆ ಇದೆಯಲ್ಲ!"

ತೀರಿಹೋದ ರಾಜರ ಪೇಟಗಳನ್ನು ಸುತ್ತಿದಂತೆಯೇ ಒಂದು ಕೋಣೆಯಲ್ಲಿ ಇಡುವುದು ಆ ಮನೆತನದ ಪದ್ಧತಿ. ಮನೆಯವರು ಹೊಸ್ತಿಲಾಚೆ ನಿಂತು ಕೈಮುಗಿಯಬೇಕು. ಒಳಗೆ ಕಾಲಿಡುವವನು ಪೇಟ ಸುತ್ತುವವನೊಬ್ಬನೇ.

ಬೊಮ್ಮಣ್ಣ ಒಳಹೋಗಿ ಎಲ್ಲಕ್ಕಿಂತ ದಪ್ಪನೆಯ ಪೇಟವನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಹೊತ್ತು ತಂದ. "ನಿಮ್ಮ ಮುತ್ತಜ್ಜ ಹಿರೇಮಲ್ಲ ನಾಯಕರದು, ಪ್ರಭು." ರಾಜ ಎದ್ದು ಕೈಮುಗಿದ.

"ತಲೆಯೇ ಇಲ್ಲವಲ್ಲ ಪಂಡಿತರೇ, ಬುದ್ಧಿ ಸಿಗುತ್ತಾ?" ಎಂದ ಬೊಮ್ಮಣ್ಣ.

"ತಲೆ ಹೋದರೇನು, ಬುದ್ಧಿಯ ಅಚ್ಚು ಪೇಟದಲ್ಲೇ ಉಳಿದಿರುತ್ತೆ" ಎಂದ ಪಂಡಿತ, ದಾರ ಸುತ್ತಿದ. ಸುತ್ತಿದವನ ಹಣೆ ಬೆವರಿತು. ಪೇಟ ರಾಜನ ಪೇಟಕ್ಕಿಂತ ಒಂದು ಬೆರಳು ಹೆಚ್ಚೇ ಇತ್ತು! ಉಸಿರು ಬಿಗಿಹಿಡಿದು ದಾರ ಜಗ್ಗಿ ಹೇಳಿದ. "ನೂರ ಎಪ್ಪತ್ತೊಂಬತ್ತು! ಪ್ರಭುಗಳಿಗಿಂತ ಮೂರೇ ಅಂಶ ಕಡಿಮೆ."

"ಸ್ವಭಾವ?" ಎಂದ ಬೊಮ್ಮಣ್ಣ.

"ಗಂಭೀರ. ಮಾತು ಕಡಿಮೆ. ಏನೇ ಬಂದರೂ ಕೂತಲ್ಲಿಂದ ಅಲುಗಾಡದ ಸ್ಥಿರಬುದ್ಧಿ. ಪ್ರಭುಗಳನ್ನು ನೋಡಿದ ಹಾಗೇ ಆಗುತ್ತೆ."

"ಆಣೆ ಇಡ್ತೀರಾ?"

"ನಮ್ಮ ಪೀಠದ ಆಣೆ!"

ಬೊಮ್ಮಣ್ಣ ಪೇಟದ ತುದಿ ಹಿಡಿದು ಬಿಚ್ಚತೊಡಗಿದ. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಕೊನೆಗೆ ತಟ್ಟೆಯ ಮೇಲೆ ಉಳಿದದ್ದು ದುಂಡಗಿನ ಒಂದು ಬೂದುಗುಂಬಳಕಾಯಿ.

ಹಿಂದಿನ ಸಾಲಿನವರೂ ಕತ್ತು ಚಾಚಿ ನೋಡಿದರು.

"ಒಳಗೆ ಏನಾದರೂ ಇಡದಿದ್ದರೆ ಪೇಟ ಕುಸಿದುಹೋಗುತ್ತೆ, ಪ್ರಭು" ಎಂದ ಬೊಮ್ಮಣ್ಣ ವಿನಯದಿಂದ. "ಅದಕ್ಕೇ ಹಿಂದಿನವರ ಕಾಲದಿಂದ ಯುಗಾದಿಗೊಂದು ಹೊಸ ಕುಂಬಳಕಾಯಿ ಇಟ್ಟು ಸುತ್ತಿಡ್ತೀವಿ. ಇದು ನನ್ನ ಹೆಂಡತಿ ಹಿತ್ತಲಲ್ಲಿ ಬಿಟ್ಟದ್ದು. ಈ ಸಲ ಒಂಚೂರು ದಪ್ಪ ಬಂತು."

ರಾಜನ ಮುಖ ಕೆಂಪಾಯಿತು. "ಏನು ನಿನ್ನ ಮಾತಿನ ಅರ್ಥ?"

"ಅರ್ಥ ನಿಮ್ಮ ಕೈಲೇ ಇದೆ. ಪಂಡಿತರ ಅಳತೆ ಸರಿ ಅಂತೀರಾದರೆ, ನಿಮಗೂ ಈ ಕುಂಬಳಕಾಯಿಗೂ ಇರೋದು ಮೂರೇ ಅಂಶ. ತಪ್ಪು ಅಂತೀರಾದರೆ, ದಿವಾನರ ಉಂಗುರ ದಿವಾನರ ಬೆರಳಿಗೆ. ಯಾವುದು ಅಪ್ಪಣೆ?"

ರಾಜ ಕುಂಬಳಕಾಯಿ ನೋಡಿದ. ಪಂಡಿತನ ಕಡೆ ನೋಡಿದ. ಆತ ಆಗಲೇ ಬಾಗಿಲಿಗೆ ನಾಲ್ಕು ಹೆಜ್ಜೆ ಹತ್ತಿರವಾಗಿದ್ದ. ರಾಜನ ಮೀಸೆ ನಡುಗಿತು, ಹೊಟ್ಟೆ ಕುಲುಕಿತು, ಆಮೇಲೆ ಸಿಂಹಾಸನವೇ ಅಲ್ಲಾಡುವಂತೆ ನಕ್ಕುಬಿಟ್ಟ.

"ತಪ್ಪು! ನೂರಕ್ಕೆ ನೂರು ತಪ್ಪು! ದಿವಾನರೇ, ಉಂಗುರ ಹಾಕ್ಕೊಳ್ಳಿ, ನನ್ನನ್ನ ಕ್ಷಮಿಸಿ. ಪಂಡಿತರೇ, ನೀವು ಕಣಿವೆಕೋಟೆಗೆ ನಡೀರಿ. ಅಲ್ಲೂ ಒಬ್ಬ ಪೇಟ ಸುತ್ತಿಕೊಂಡು ಕಾಯ್ತಿರ್ತಾನೆ."

ಕೊರಳ ಹಾರ ತೆಗೆದು ಬೊಮ್ಮಣ್ಣನಿಗೆ ಹಾಕಿದ ರಾಜನಿಗೆ ಆದರೂ ಒಳಗೊಳಗೇ ತಡೆಯಲಾಗಲಿಲ್ಲ. ಬಗ್ಗಿ ಮೆಲ್ಲಗೆ ಕೇಳಿದ. "ಲೋ, ಹೆದರದೆ ಹೇಳು. ನಾನು, ಈ ಕುಂಬಳಕಾಯಿ, ಇಬ್ಬರಲ್ಲಿ ಜಾಣರು ಯಾರು?"

ಬೊಮ್ಮಣ್ಣ ಕುಂಬಳಕಾಯಿಯನ್ನು ಕಂಕುಳಿಗೇರಿಸಿಕೊಂಡ.

"ಪಂಡಿತರು ಇಬ್ಬರನ್ನೂ ಒಂದೇ ಥರ ಹೊಗಳಿದರು, ಪ್ರಭು. ನಂಬಿದವರು ನೀವೊಬ್ಬರೇ."