ನಿಂಗಾಜಮ್ಮನ ಮನೆಯ ಗಂಡಾಳು

ಕಗ್ಗಲಿಪಾಳ್ಯದ ದೊಡ್ಡಸಿದ್ದೇಗೌಡರಿಗೆ ಎರಡು ಚಟ. ಒಂದು, ಊರಿಗೆಲ್ಲ ಕಟ್ಟಳೆ ಹಾಕುವುದು. ಇನ್ನೊಂದು, ಊರವರ ಮನೆಯಲ್ಲಿ ಉಣ್ಣುವುದು. ತಮ್ಮ ಮನೆಯ ಮುದ್ದೆಯನ್ನು ಮಾತ್ರ ಹೊರಗಿನವರ ಕಣ್ಣಿಗೂ ಬೀಳಿಸಿದವರಲ್ಲ, ಪುಣ್ಯಾತ್ಮರು!

ಆ ವರ್ಷ ಕೆರೆ ಹೂಳೆತ್ತುವ ಕೆಲಸ ಬಂತು. ಗೌಡರು ಅರಳಿಕಟ್ಟೆಯ ಮೇಲೆ ಕೂತು, ಮೀಸೆ ತೀಡಿಕೊಂಡು ಹೇಳಿದರು:

“ನಾಳೆ ಬೆಳಗ್ಗೆ ಮನೆಗೊಬ್ಬ ಗಂಡಾಳು ಕೆರೆಗೆ ಬರಬೇಕು. ಆಳು ಬಾರದ ಮನೆಯ ಗದ್ದೆಗೆ ಈ ವರ್ಷ ನೀರಿಲ್ಲ. ನಾನು ಹಾಕಿದ ಕಟ್ಟಳೆ ಆ ಬ್ರಹ್ಮ ಬಂದರೂ ಬದಲಾಗೋಲ್ಲ!”

ಹೇಳಿದ್ದು ಊರಿಗೆ, ನೋಡಿದ್ದು ನಿಂಗಾಜಮ್ಮನ ಕಡೆಗೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಗಂಡ ಬೆವರು ಹರಿಸಿ ಹದ ಮಾಡಿಟ್ಟುಹೋದ ಒಂದು ತುಂಡು ಗದ್ದೆ. ಅದು ಗೌಡರ ಗದ್ದೆಗೆ ಅಂಟಿಕೊಂಡಿತ್ತು. ನೀರಿಲ್ಲದೆ ಒಣಗಿದರೆ ಅವಳು ಮಾರಲೇಬೇಕು, ಕೊಳ್ಳುವವರು ಗೌಡರೇ. ಊರಲ್ಲಿ ಇದು ಯಾರಿಗೆ ಗೊತ್ತಿರಲಿಲ್ಲ? ಬಾಯಿ ಬಿಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ನಿಂಗಾಜಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

“ಮಾವ, ನಾನೇ ಬರ್ತೀನಿ. ಮಣ್ಣು ಹೊರೋದು ನಂಗೇನು ಹೊಸದಾ?”

“ಗಂಡಾಳು ಅಂದೆ ಕಣಮ್ಮ.”

“ಕೂಲಿಗೆ ಒಬ್ಬನ್ನ ಕರ್ಕೊಂಡು ಬರ್ಲಾ?”

“ಕೂಲಿಯೋನು ನಿನ್ನ ಮನೆಯೋನು ಹೆಂಗಾಗ್ತಾನೆ?”

“ಹಂಗಾದ್ರೆ ಯಾರು ಯಾವ ಮನೆ ಆಳು ಅಂತ ಗೊತ್ತು ಮಾಡೋದು ಹೆಂಗೆ ಮಾವ? ಅದನ್ನೂ ನೀವೇ ಹೇಳಿಬಿಡಿ.”

ಗೌಡರು ಉಬ್ಬಿಹೋದರು. “ಹಿಂದಿನ ರಾತ್ರಿ ಯಾರ ಮನೆ ಒಲೆ ಮೇಲಿನ ಮುದ್ದೆ ಉಂಡನೋ, ಬೆಳಗ್ಗೆ ಅವರ ಮನೆ ಆಳು. ಅಷ್ಟೇ!”

ಗೌಡರ ಲೆಕ್ಕ ಹುಳುಕಿಲ್ಲದ ಲೆಕ್ಕ. ಯಾವನಾದರೂ ತನ್ನ ಮನೆ ಬಿಟ್ಟು ಇವಳ ಮನೆಯಲ್ಲಿ ಉಂಡರೆ ಅವನ ಗದ್ದೆಗೇ ನೀರು ತಪ್ಪುತ್ತದೆ. ಇಬ್ಬರು ಗಂಡಾಳಿದ್ದ ಮನೆಯವರಿಗಾಗಲಿ ಕೂಲಿಯವರಿಗಾಗಲಿ ಗೌಡರನ್ನು ಎದುರುಹಾಕಿಕೊಳ್ಳುವ ಧೈರ್ಯವಿಲ್ಲ. ಅಂಥ ದಡ್ಡ ಊರಲ್ಲಿ ಯಾರಿದ್ದಾನೆ?

“ಆಗಲಿ ಮಾವ,” ಎಂದಳು ನಿಂಗಾಜಮ್ಮ.

ದಾರಿಯಲ್ಲಿ ಮುದುಕ ಜವರಪ್ಪ ಹಲುಬಿದ. ಊರ ಹಿರಿಯ ಅವನು, ಆಳು ಎಣಿಸುವ ಕೆಲಸವೂ ಅವನದೇ. “ಹಂಗೆ ಒಪ್ಕೊಂಡು ಬಂದುಬಿಟ್ಟೆಯಲ್ಲವ್ವಾ! ಆಳನ್ನ ಎಲ್ಲಿಂದ ತರ್ತೀಯ?”

“ಮನೇಲೊಂದು ಹುಂಜ ಅದೆ ಚಿಕ್ಕಪ್ಪ. ಅದರ ಮೇಲೆ ಭಾರ ಹಾಕಿದ್ದೀನಿ.”

ಜವರಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, ಪಾಪ, ತಲೆ ಕೆಟ್ಟಿದೆ ಅಂದುಕೊಂಡ.

ದೀಪ ಹಚ್ಚುವ ಹೊತ್ತಿಗೆ ನಿಂಗಾಜಮ್ಮನ ಮನೆಯಿಂದ ಕೋಳಿಸಾರಿನ ವಾಸನೆ ಎದ್ದಿತು ನೋಡಿ! ಹುರಿದ ಮಸಾಲೆ, ಕಾಯಿ, ಕೊತ್ತಂಬರಿ! ಬೀದಿಯಲ್ಲಿ ಹೋಗುತ್ತಿದ್ದ ಗೌಡರ ಕಾಲು ತಾನಾಗಿಯೇ ನಿಂತಿತು.

“ಏನಮ್ಮ, ಹುಂಜ ಕೊಯ್ದೆಯಾ?”

“ಹೂಂ ಮಾವ. ಗದ್ದೆಯೇ ಹೋದ ಮೇಲೆ ಹುಂಜ ಕಟ್ಕೊಂಡು ಏನು ಮಾಡ್ಲಿ? ಒಬ್ಬಳೇ ತಿನ್ನೋಕೂ ಆಗಲ್ಲ. ಬನ್ನಿ, ಜಗಲಿ ಮೇಲೆ ಗಾಳಿ ಚೆನ್ನಾಗದೆ.”

ಗೌಡರು ಕೂತರು. ಮುದ್ದೆ ಬಂತು, ಸಾರು ಬಂತು, ಮತ್ತೆ ಮುದ್ದೆ ಬಂತು. ಎದುರು ಮನೆಯವರು, ಪಕ್ಕದ ಮನೆಯವರು, ನೀರು ಹೊತ್ತು ಬಂದ ಹೆಂಗಸರು, ಎಲ್ಲರೂ ನಿಂತು ನೋಡಿದರು. ಗೌಡರಿಗೆ ಎಲೆ ಬಿಟ್ಟರೆ ಬೇರೇನೂ ಕಾಣಲಿಲ್ಲ.

“ಉಂಡೆ ಅಂತ ಕಟ್ಟಳೆ ಸಡಿಲ ಮಾಡ್ತೀನಿ ಅಂದ್ಕೋಬೇಡ,” ಎಂದರು ಮೂಳೆ ಚೀಪುತ್ತಾ.

“ಅಯ್ಯೋ, ಬೇಡಿ ಮಾವ! ನಿಮ್ಮ ದಮ್ಮಯ್ಯ, ಒಂದೆಳೆ ಕೂಡ ಸಡಿಲ ಮಾಡಬೇಡಿ!”

ಮನೆಗೆ ಹೋದ ಗೌಡರು ಹೆಂಡತಿ ಕರೆದರೂ ಉಣ್ಣಲು ಏಳಲಿಲ್ಲ. ತೇಗಿ ಮಲಗಿದರು.

ಬೆಳಗ್ಗೆ ಕೆರೆ ಏರಿಯ ಮೇಲೆ ಊರೇ ಸೇರಿತ್ತು. ಗೌಡರು ಕೊಡೆ ಹಿಡಿದು ನಿಂತಿದ್ದರು. ಪ್ರತಿ ವರ್ಷ ಅವರ ಮನೆ ಆಳು ಅವರೇ. ನಿಲ್ಲುವುದೇ ಅವರ ಕೆಲಸ. ಜವರಪ್ಪ ಒಂದೊಂದೇ ಮನೆ ಕೂಗುತ್ತಾ ಬಂದ.

“ನಿಂಗಾಜಮ್ಮನ ಮನೆ?”

“ಬಂದವ್ರೆ ಚಿಕ್ಕಪ್ಪ,” ಎಂದವಳೇ ಗುದ್ದಲಿ, ಮಣ್ಣು ಹೊರುವ ಮಂಕರಿ ತಂದು ಗೌಡರ ಕಾಲ ಬಳಿ ಇಟ್ಟಳು. “ಅಗೋ, ಕೊಡೆ ಹಿಡ್ಕೊಂಡು ನಿಂತವ್ರೆ. ರಾತ್ರಿ ನಮ್ಮ ಒಲೆ ಮುದ್ದೆ ಉಂಡವ್ರೆ. ಬೀದಿಯೋರೆಲ್ಲ ನೋಡವ್ರೆ.”

“ನೋಡಿದ್ದೀವಿ! ನೋಡಿದ್ದೀವಿ!” ಎಂದು ಹೆಂಗಸರು ಕೂಗಿದರು.

“ಏಯ್! ನಾನು ನನ್ನ ಮನೆ ಆಳು!” ಗೌಡರು ಗುಡುಗಿದರು.

ಜವರಪ್ಪನಿಗೆ ಆಗ ಹೊಳೆಯಿತು. ನಗು ತಡೆದುಕೊಂಡು ಕೇಳಿದ, “ರಾತ್ರಿ ಮನೇಲಿ ಉಂಡ್ರಾ ಗೌಡ್ರೇ?”

 ಗೌಡರ ಮನೆಯಲ್ಲಿ ಬೇರೆ ಗಂಡಸಿಲ್ಲ, ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋಗಿದ್ದರು. ಸುತ್ತ ಕಣ್ಣಾಡಿಸಿದ ಗೌಡರಿಗೆ ತಮ್ಮ ಹೊಲದಲ್ಲಿ ದುಡಿಯುವ ಕುಳ್ಳಯ್ಯ ಕಂಡ.

“ಅಗೋ ಕುಳ್ಳಯ್ಯ! ಅವನು ನಮ್ಮ ಮನೆ ಲೆಕ್ಕ!”

ಕುಳ್ಳಯ್ಯ ಕೈಮುಗಿದ. “ಬುದ್ಧೀ, ತಮ್ಮಲ್ಲಿ ದುಡಿಯೋಕೆ ಬಂದಾಗಿಂದ ತಮ್ಮ ಮನೆ ಮುದ್ದೆ ಕಪ್ಪಗದೋ ಬೆಳ್ಳಗದೋ ಅಂತಾನೇ ನಂಗೆ ಗೊತ್ತಿಲ್ಲ.”

ಏರಿ ಮೇಲೆ ನಗು ಬಿದ್ದೂ ಬಿದ್ದೂ ಹೊರಳಾಡಿತು. ಜವರಪ್ಪ ಮುಖ ಗಂಭೀರ ಮಾಡಿಕೊಂಡ. “ಹಂಗಾದ್ರೆ ಗೌಡ್ರ ಮನೆಯಿಂದ ಆಳು ಬಂದಿಲ್ಲ. ಅವರ ಗದ್ದೆಗೆ ಈ ವರ್ಷ ನೀರು...”

“ತಡೀರಿ, ತಡೀರಿ!” ಗೌಡರ ಕೊಡೆ ಕೈಜಾರಿತು. ಹಣೆಯ ಬೆವರು ಒರೆಸಿಕೊಂಡು, ನಿಂಗಾಜಮ್ಮನ ಕಡೆ ತಿರುಗಿ ಹಲ್ಲುಕಿರಿದರು. “ಏನೋ ಬಾಯಿತಪ್ಪಿ ಅಂದುಬಿಟ್ಟೆ ಕಣಮ್ಮ. ಪಾಪ, ಗಂಡಾಳಿಲ್ಲದ ಮನೆಯೋರು ಏನು ಮಾಡ್ತಾರೆ? ಅಂಥ ಮನೆಯಿಂದ ಯಾರೂ ಬರೋದು ಬೇಡ. ನೀರು ಯಾವತ್ತೂ ತಪ್ಪಿಸೋದೂ ಬೇಡ. ಊರೆಲ್ಲ ಒಪ್ಪಿದ್ರೆ ಹಂಗೇ ಮಾಡೋಣ.”

ನಿಂಗಾಜಮ್ಮ ಮಂಕರಿಯನ್ನು ಗೌಡರ ಕೈಗೆ ಕೊಟ್ಟಳು.

“ಒಪ್ಕೊಳ್ಳಿ ಚಿಕ್ಕಪ್ಪ, ಎಲ್ಲರೂ ಒಪ್ಕೊಳ್ಳಿ. ಪಾಪ, ಗೌಡಮಾವನ ಮನೇಲಿ ಇವತ್ತು ಗಂಡಾಳಿಲ್ಲ, ಅವರ ಗದ್ದೆಗೂ ನೀರು ಬಿಡೋಣ. ನಮ್ಮನೇಲಿ ಇದ್ದಾರೆ, ಅವರು ಮಣ್ಣು ಹೊರಲಿ.”